ಗುಲಾಬಕ್ಕ ಜನರೇಟರ್ ನಿಲ್ಲಿಸಿದ ಭಾನುವಾರ

ಭಾನುವಾರ ಬೆಳಗಿನ ಐದೂವರೆ. ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ ದೊಡ್ಡ ವಾಹನಗಳನ್ನು ಬಾಡಿಗೆಗೆ ನಿಲ್ಲಿಸುವ ಒಂದು ಬಯಲು. ಅಲ್ಲಿ ಕರೆಂಟಿಲ್ಲ. ಸೀರೆಯ ಮೇಲೆ ಗಂಡನ ಜಾಕೆಟ್ಟು ತೊಟ್ಟ ಹೆಂಗಸೊಬ್ಬರು ಊದುಬತ್ತಿ ಹಚ್ಚಿ ಎತ್ತಿ ಹಿಡಿದು ನಿಂತಿದ್ದಾರೆ. ಎದುರಿಗೆ ಇರುವುದು ಬಿಳಿ ಬಣ್ಣ ಮಾಸಿದ ಒಂದು ಮೋಟರ್‌ಹೋಮ್, ಅಂದರೆ ಮನೆಯಷ್ಟು ಸೌಕರ್ಯವಿರುವ ಉದ್ದನೆಯ ವ್ಯಾನು. ಪೂಜೆಯೇ ಎಂದು ಕೇಳಿ ನಾನು ನಗೆಪಾಟಲಾಗುತ್ತೇನೆ.

“ಪೂಜೆ ಎಂತದ್ದು ಮಾರಾಯ್ರೆ. ಗಾಳಿ ಯಾವ ಕಡೆ ಹೋಗ್ತದೆ ಅಂತ ನೋಡುವುದು. ಹೊಗೆ ವ್ಯಾನಿನಿಂದ ದೂರ ಹೋಗುವ ಕಡೆಗೆ ಜನರೇಟರ್ ಇಡ್ಬೇಕು” ಎನ್ನುತ್ತಾರೆ ಗುಲಾಬಿ. ಊದುಬತ್ತಿಯನ್ನು ಮಣ್ಣಿಗೆ ಒತ್ತಿ ಆರಿಸಿ, ಮೂವತ್ತು ಕಿಲೋ ತೂಗುವ ಪೆಟ್ರೋಲ್ ಜನರೇಟರನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಇಪ್ಪತ್ತು ಹೆಜ್ಜೆ ಆಚೆಗೆ ಒಯ್ಯುತ್ತಾರೆ. ನಾನು ಕೈಹಾಕಲು ಹೋದರೆ ಬೇಡವೆಂದು ಕಣ್ಣಲ್ಲೇ ಹೇಳುತ್ತಾರೆ.

ಈ ವ್ಯಾನು ಇಲ್ಲಿ ನೆಲೆಸಿರುವ ನಮ್ಮ ಕನ್ನಡದವರ ಸೇವಾ ಸಮಿತಿಯದು. ೧೯೮೪ರಲ್ಲಿ ಹಳೆಯದನ್ನೇ ಕೊಂಡು ಚಿಕಿತ್ಸಾಲಯ ಮಾಡಿದರು. ಪ್ರತಿ ಭಾನುವಾರ ಲಿವರ್‌ಮೋರ್‌ನ ಒಂದು ಮೈದಾನದಲ್ಲಿ ನಿಲ್ಲುತ್ತದೆ. ಊರಿನಿಂದ ಬಂದ, ವಿಮೆಯಿಲ್ಲದ ಅಪ್ಪ ಅಮ್ಮಂದಿರು ಬರುತ್ತಾರೆ, ದ್ರಾಕ್ಷಿ ತೋಟದ ಕೂಲಿಗಳು ಬರುತ್ತಾರೆ. ವಾರಕ್ಕೆ ಮೂವತ್ತು ಜನಕ್ಕೆ ಕಡಿಮೆಯಿಲ್ಲ. ಡಾಕ್ಟರುಗಳು ಪುಕ್ಕಟೆ ನೋಡುತ್ತಾರೆ. ಅವರ ಸೇವೆ ದೊಡ್ಡದೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಡಾಕ್ಟರು ಗಂಟಲು ನೋಡಲು ದೀಪ ಬೇಕು, ಕೈ ತೊಳೆಯಲು ನೀರಿನ ಪಂಪು ಓಡಬೇಕು, ಚಳಿಗೆ ಹೀಟರಿನ ಫ್ಯಾನು ತಿರುಗಬೇಕು. ಇಷ್ಟಕ್ಕೂ ಆಧಾರ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿರುವ ಎರಡು ಬ್ಯಾಟರಿಗಳು. ವ್ಯಾನಿನ ಸ್ವಂತ ಜನರೇಟರ್ ಕೆಟ್ಟು ಎರಡು ವರ್ಷ ಕಳೆದಿದೆ. ರಿಪೇರಿಯ ವಿಷಯ ಪ್ರತಿ ಮೀಟಿಂಗಿನಲ್ಲೂ ಬರುತ್ತದೆ, ಕಾಫಿಯ ಜೊತೆಗೆ ಮುಗಿಯುತ್ತದೆ.

ಗುಲಾಬಿ ಬ್ಯಾಟರಿಯ ಹನ್ನೆರಡು ಮುಚ್ಚಳಗಳನ್ನೂ ಬಿಚ್ಚುತ್ತಾರೆ. ಗಾಜಿನ ಕೊಳವೆಯೊಂದನ್ನು ಪ್ರತಿ ಕೋಣೆಗೂ ಅದ್ದಿ ಆಸಿಡ್ ಹೀರಿ, ಒಳಗೆ ತೇಲುವ ಕಡ್ಡಿಯ ಮೇಲಿನ ಅಂಕಿ ಓದುತ್ತಾರೆ. ಸಾವಿರದ ನೂರ ಅರವತ್ತು, ಅಂದರೆ ಬ್ಯಾಟರಿ ಬಹುಪಾಲು ಬರಿದು. ಸಾವಿರದ ಇನ್ನೂರ ಐವತ್ತು ದಾಟುವವರೆಗೆ ಬಿಡುವಂತಿಲ್ಲ. ಅದಕ್ಕೆ ಜನರೇಟರಿಗೆ ಚಾರ್ಜರ್ ಸಿಕ್ಕಿಸಿ ಮೂರು ಗಂಟೆ ಓಡಿಸಬೇಕು. ಜನರೇಟರಿನಲ್ಲೇ ಹನ್ನೆರಡು ವೋಲ್ಟಿನ ಕಿಂಡಿಯೊಂದಿದೆ. ಅದರಿಂದ ನೇರವಾಗಿ ಬ್ಯಾಟರಿಗೆ ಕೊಟ್ಟರಾಯಿತಲ್ಲ, ಬೇರೆ ಚಾರ್ಜರ್ ಏಕೆ ಎಂದು ಸಮಿತಿಯ ಎಂಜಿನಿಯರುಗಳು ಇವರಿಗೆ ಪಾಠ ಹೇಳಿದ್ದರಂತೆ. “ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಸಂಜೆವರೆಗೆ ಕೊಟ್ರೂ ತುಂಬುವುದಿಲ್ಲ. ಒಂದು ವಾರ ಅವರೇ ಮಾಡಿ ನೋಡಿದ್ರು. ಮಧ್ಯಾಹ್ನ ಹನ್ನೆರಡಕ್ಕೆ ದೀಪ ಹೋಯ್ತು” ಎನ್ನುವಾಗ ಅವರ ಮುಖದಲ್ಲಿ ನಗುವಿಲ್ಲ. ನಾನೇ ನಗುತ್ತೇನೆ.

ಈ ವಿದ್ಯೆ ಅವರಿಗೆ ಮಲ್ಪೆಯಲ್ಲಿ ಬಂದದ್ದು. ಅಪ್ಪನದು ಬಂದರಿನ ಹತ್ತಿರ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಮೀನಿನ ಬೋಟುಗಳ ಬ್ಯಾಟರಿ ಸಂಜೆ ಬಂದರೆ ಬೆಳಗಿನೊಳಗೆ ತುಂಬಿಸಿ ಕೊಡಬೇಕಿತ್ತು. ಹತ್ತನೆಯ ವಯಸ್ಸಿಗೆ ಗುಲಾಬಿ ಅಂಕಿ ಓದುತ್ತಿದ್ದರು. ಆಸಿಡ್ ಸಿಡಿದು ಲಂಗದ ತುಂಬ ತೂತು, ಶಾಲೆಯಲ್ಲಿ ‘ಜರಡಿ’ ಎಂಬ ಅಡ್ಡಹೆಸರು. ಈಗ ವಯಸ್ಸು ನಲವತ್ತೇಳು. ವಾರದ ಐದು ದಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರಲ್ಲಿ ಎಂಟು ಗಂಟೆ ಬೆಸುಗೆ ಹಾಕುತ್ತಾರೆ. ಗಂಡ ಜಯರಾಮ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಗೋದಾಮಿನಲ್ಲಿ ಕೆಲಸಗಾರ. ಭಾನುವಾರ ಈ ವ್ಯಾನಿನ ಡ್ರೈವರ್. ಎರಡು ವರ್ಷದಲ್ಲಿ ಗುಲಾಬಿ ತಪ್ಪಿಸಿದ್ದು ಎರಡೇ ಭಾನುವಾರ. ಸಮಿತಿಯ ಸ್ಮರಣ ಸಂಚಿಕೆ ತಿರುವಿ ನೋಡಿದೆ. ಟೆಂಟಿನವನ ಹೆಸರಿದೆ, ಹೂವಿನವನ ಹೆಸರಿದೆ. ಇವರ ಹೆಸರಿಲ್ಲ. ಎಲೆಮರೆಯ ಕಾಯಿ ಎಂದು ಹೊಗಳುವುದು ಸುಲಭ, ಎಲೆಯನ್ನು ಅಡ್ಡ ಹಿಡಿದು ನಿಂತವರು ನಾವೇ ಎಂದು ಒಪ್ಪುವುದು ಕಷ್ಟ.

ಇಷ್ಟೇ ಆಗಿದ್ದರೆ ನಾನು ಸಿಟ್ಟಾಗುತ್ತಿರಲಿಲ್ಲ. ಮೊನ್ನೆ ನವರಾತ್ರಿಯ ಭಾನುವಾರ ಚಿಕಿತ್ಸಾಲಯದ ವಾರ್ಷಿಕೋತ್ಸವ. ವೇದಿಕೆ, ಮೈಕು, ಮುಖ್ಯ ಅತಿಥಿ. ಎರಡನೇ ವ್ಯಾನು ಕೊಡಿಸುವ ಭರವಸೆ ಕೊಟ್ಟಿದ್ದ ದೊಡ್ಡ ಮನುಷ್ಯರು. ಡಾಕ್ಟರುಗಳೆಲ್ಲ ಸನ್ಮಾನಕ್ಕೆಂದು ವೇದಿಕೆಯ ಮೇಲೆ. ಗುಲಾಬಿಯನ್ನು ಮಾತ್ರ, ಹೆಂಗಸರು ಸಾಲದು ಎಂದು, ಕೋಸಂಬರಿ ಬಡಿಸಲು ಊಟದ ಟೆಂಟಿಗೆ ಕಳಿಸಿದರು. ವ್ಯಾನಿನೊಳಗೆ ಐವರು ವೃದ್ಧರು ತಮ್ಮ ಸರದಿಗೆ ಕಾದು ಕೂತಿದ್ದರು. ಮೈಕಿನ ಗದ್ದಲಕ್ಕೆ ಕಿಟಕಿ ಮುಚ್ಚಿದ್ದರು.

ಮೈಕಿಗೆ ಕರೆಂಟು ಕೊಡುತ್ತಿದ್ದ ಜನರೇಟರಿನ ಸದ್ದೇ ಅತಿಥಿಯ ಭಾಷಣಕ್ಕೆ ಅಡ್ಡಿಯಾಯಿತು. ಕಾರ್ಯದರ್ಶಿ ಶೇಷಾದ್ರಿಯವರ ಅಪ್ಪಣೆಯಂತೆ ಸ್ವಯಂಸೇವಕರು ಅದನ್ನು ಎಳೆದು ತಂದು ವ್ಯಾನಿನ ಹಿಂಭಾಗಕ್ಕೆ ಒತ್ತಿ ಇಟ್ಟು, ಮೂರು ಕಡೆಯಿಂದ ಜಮಖಾನ ಕಟ್ಟಿದರು. ಸದ್ದು ಅಡಗಿತು. ಹೊಗೆ ಹಿಂಬದಿಯ ಸಂದುಗಳಿಂದ ಒಳಗೆ ಹೋಯಿತು.

ಒಳಗಿದ್ದವರಲ್ಲಿ ಧಾರವಾಡದ ಕಡೆಯ ನೀಲವ್ವ ಒಬ್ಬರು, ಎಪ್ಪತ್ತರ ಅಜ್ಜಿ. “ತಲಿ ಗಿರಗಿರ ತಿರಗಾಕ ಹತ್ತಿತ್ರೀ. ಹೊಟ್ಟ್ಯಾಗ ಸಂಕಟ. ಚೀಟಿ ಬರಕೊಳ್ಳೊ ಹುಡುಗಿ ಬಂದು, ಅಜ್ಜಿ, ಒಂಬತ್ತ ದಿನದ ಉಪವಾಸ ಮಾಡೀರಿ, ಅದಕ್ಕ ಹಿಂಗ ಅಂದು ಬಾಳೆಹಣ್ಣ ಕೊಟ್ಟಳು. ನಾನೂ ಹಂಗ ಇರಬೇಕ ಅಂದಕೊಂಡೆ” ಎನ್ನುತ್ತಾರೆ. ಉಳಿದವರಿಗೂ ತಲೆನೋವು. ಅವರದೂ ಉಪವಾಸ. ಒಬ್ಬರಿಗೊಬ್ಬರು ದೇವಿಯ ಹೆಸರು ಹೇಳಿ ಸಮಾಧಾನ ಮಾಡಿಕೊಂಡು ಕೂತರು.

ಟೆಂಟಿನಲ್ಲಿದ್ದ ಗುಲಾಬಿಗೆ ಮೊದಲು ಗೊತ್ತಾದದ್ದು ಕಿವಿಯಿಂದ. “ಸದ್ದು ಮಂದ ಆಯ್ತು. ಜನರೇಟರ್ ತಾನಾಗಿ ಮಂದ ಆಗುವುದಿಲ್ಲ, ಯಾರೋ ಮುಚ್ಚಿದ್ದಾರೆ ಅಂತ ಗೊತ್ತಾಯ್ತು. ಸೌಟು ಅಲ್ಲೇ ಬಿಟ್ಟು ಓಡಿದೆ.” ಹೋಗಿ ನೋಡಿದವರು ಯಾರನ್ನೂ ಕೇಳಲಿಲ್ಲ. ಜಮಖಾನ ಕಿತ್ತು ಜನರೇಟರ್ ನಿಲ್ಲಿಸಿದರು. ಮೈಕು ಸತ್ತುಹೋಯಿತು. ಅತಿಥಿಗಳು ಸಮಾಜಸೇವೆಯ ಮಹತ್ವವನ್ನು ಹೇಳುತ್ತಿದ್ದರು. ಮಹತ್ವ ಅರ್ಧಕ್ಕೇ ನಿಂತಿತು. ಗುಲಾಬಿ ಬಾಗಿಲು ತೆರೆದು ಐವರನ್ನೂ ಒಬ್ಬೊಬ್ಬರಾಗಿ ಕೈಹಿಡಿದು ಹೊರಗೆ ತಂದರು. ನೀಲವ್ವ ಹುಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡರು.

ವೇದಿಕೆಯಿಂದ ಓಡಿಬಂದ ಡಾಕ್ಟರ್ ಶೈಲಜಾ ಐವರನ್ನೂ ಆಸ್ಪತ್ರೆಗೆ ಸಾಗಿಸಿದರು. ರಕ್ತದಲ್ಲಿ ಹೊಗೆಯ ವಿಷ ಸೇರಿತ್ತು. ಆಮ್ಲಜನಕ ಕೊಟ್ಟ ಮೇಲೆ ಸಂಜೆಗೆ ಚೇತರಿಸಿಕೊಂಡರು. “ಇನ್ನೊಂದು ಅರ್ಧ ಗಂಟೆ ಆಗಿದ್ರೆ ಏನು ಹೇಳೋಕೂ ಆಗ್ತಿರ್ಲಿಲ್ಲ” ಎನ್ನುತ್ತಾರೆ ಶೈಲಜಾ. “ನಾನು ಆಗ ಶಾಲು ಹೊದೆಸಿಕೊಳ್ತಿದ್ದೆ.”

ಇಂಥ ಹೆಂಗಸನ್ನು ಸಮಿತಿ ಏನು ಮಾಡಬೇಕಿತ್ತು, ಓದುಗರೇ ಹೇಳಿ. ಮಾಡಿದ್ದು ಇದು: ಅನುಮತಿಯಿಲ್ಲದೆ ಕಾರ್ಯಕ್ರಮಕ್ಕೆ ಭಂಗ ತಂದದ್ದಕ್ಕೆ ಕ್ಷಮಾಪಣೆ ಪತ್ರ ಬರೆದುಕೊಡಬೇಕು, ಇಲ್ಲವಾದರೆ ವ್ಯಾನಿನ ಬೀಗದ ಕೈ ಒಪ್ಪಿಸಬೇಕು ಎಂಬ ನೋಟೀಸು. ಮುನಿಸಿಕೊಂಡು ಹೋದ ಅತಿಥಿಗೆ ಆ ಪತ್ರ ತೋರಿಸಬೇಕಂತೆ.

ಶೇಷಾದ್ರಿಯವರನ್ನು ಅವರ ಮನೆಯಲ್ಲೇ ಕಂಡೆ. “ನೋಡಿ, ಇಂಟೆನ್ಷನ್ನು ಒಳ್ಳೇದೇ ಇರಬಹುದು. ಆದ್ರೆ ಒಂದು ನಿಮಿಷ ಸ್ಟೇಜಿಗೆ ಬಂದು ಹೇಳಿದ್ರೆ ನಾವೇ ಆಫ್ ಮಾಡ್ತಿದ್ವಿ. ಪ್ರೊಸೀಜರು ಅಂತ ಒಂದಿರುತ್ತಲ್ವಾ? ಅವರು ಕೊಡಿಸ್ತೀನಿ ಅಂದಿದ್ದ ಎರಡನೇ ವ್ಯಾನು ಬಂದಿದ್ರೆ ಇನ್ನೆಷ್ಟು ಪೇಷಂಟ್‌ಗಳಿಗೆ ಅನುಕೂಲ ಆಗ್ತಿತ್ತು” ಎಂದರು. ಜಮಖಾನ ಕಟ್ಟಿಸಿದ್ದು ಯಾರ ಪ್ರೊಸೀಜರು ಎಂದು ಕೇಳಿದೆ. ಕಾಫಿ ತಣ್ಣಗಾಗುತ್ತಿದೆ, ಕುಡಿಯಿರಿ ಎಂದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೆಸರಿನ ಕೈ ಒಬ್ಬರದು, ಮೊಸರಿನ ಬಾಯಿ ಇನ್ನೊಬ್ಬರದು.

ಬೀಗದ ಕೈ ಹೋದರೆ ಗುಲಾಬಿಗೆ ಸಂಬಳವೇನೂ ಹೋಗುವುದಿಲ್ಲ, ಏಕೆಂದರೆ ಸಂಬಳವಿಲ್ಲ. ಹೋಗುವುದು ಭಾನುವಾರ. “ಆರು ದಿನ ನನ್ನನ್ನು ಯಾರೂ ಎಂತದೂ ಕೇಳುವುದಿಲ್ಲ. ಲೈನಿನಲ್ಲಿ ಕೂತು ಬೆಸುಗೆ, ಮನೆಗೆ ಬಂದು ಅಡುಗೆ. ಭಾನುವಾರ ಮಾತ್ರ ನನಗೆ ಗೊತ್ತಿರುವ ಕೆಲಸ ನನ್ನ ಕೈಯಲ್ಲಿ ಉಂಟು” ಎನ್ನುತ್ತಾರೆ.

ಅವರ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಕೂತಿದ್ದೇವೆ. ಪತ್ರ ಕೊಡಲು ನಾಳೆಯೇ ಕೊನೆಯ ದಿನ. “ಒಂದು ಸಹಿ ತಾನೇ. ಹಾಕಿಬಿಡು ಮಾರಾಯ್ತಿ, ಯಾಕೆ ರಗಳೆ” ಎನ್ನುತ್ತಾರೆ ಜಯರಾಮ. ಗುಲಾಬಿ ಗಂಡನತ್ತ ನೋಡಿ, ನನ್ನ ಕಡೆಗೆ ಹಾಳೆ ಸರಿಸುತ್ತಾರೆ. “ನಾನು ಹೇಳ್ತೇನೆ, ನೀವು ಬರೀರಿ. ನಿಮ್ಮ ಅಕ್ಷರ ಚಂದ ಉಂಟು.”

ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ‘ಕ್ಷಮಿಸಿ’ ಎಂಬ ಒಂದು ಮಾತು ಸೇರಿಸಲೇ ಎಂದೆ, ಅವರ ಭಾನುವಾರ ಉಳಿಯಲೆಂಬ ಆಸೆಯಿಂದ. ಬೇಡವೆಂದರು. ಕೆಳಗೆ ಕನ್ನಡದಲ್ಲೇ ಸಹಿ ಹಾಕಿದರು. ಪತ್ರ ಹೀಗಿದೆ:

“ಸಮಿತಿಯವರಿಗೆ ನಮಸ್ಕಾರ. ಭಾಷಣ ನಿಂತದ್ದಕ್ಕೆ ನನಗೂ ಬೇಸರ ಉಂಟು. ಜನರೇಟರ್ ನಿಲ್ಲಿಸಿದ್ದಕ್ಕೆ ಇಲ್ಲ. ಇನ್ನು ಮುಂದೆಯೂ ಒಳಗೆ ಜನ ಇದ್ದು ಹೊಗೆ ಹೋದರೆ ನಿಲ್ಲಿಸುತ್ತೇನೆ, ಕೇಳಲು ಬರುವುದಿಲ್ಲ. ನೂರು ಅಡಿಯ ದಪ್ಪ ವೈರು ಒಂದು ತೆಗೆಸಿ ಕೊಡಿ. ಜನರೇಟರ್ ದೂರ ಇಡಬಹುದು. ಸದ್ದು ನಿಮಗೆ ಬರುವುದಿಲ್ಲ, ಹೊಗೆ ಅವರಿಗೆ ಬರುವುದಿಲ್ಲ. ಬೀಗದ ಕೈ ನನ್ನ ಹತ್ತಿರ ಉಂಟು. ಬೇಕಾದವರು ಭಾನುವಾರ ಬೆಳಿಗ್ಗೆ ಐದೂವರೆಗೆ ಬಂದು ತೆಗೆದುಕೊಳ್ಳಬಹುದು. ನಾನು ಅಲ್ಲೇ ಇರುತ್ತೇನೆ.”