ಸರಗೂರಿನಲ್ಲಿ ಬದಲಾದ ಬ್ಯಾಟರಿ

ಅಮ್ಮನಿಗೆ ತುರ್ತು ಆಪರೇಷನ್ ಎಂಬ ಸುದ್ದಿ ಬಂದಾಗ ನಾನು ಸರಗೂರಿನಲ್ಲಿದ್ದೆ. ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಕಾಯುತ್ತಾ, ಅಲ್ಲಿ ಆಸ್ಪತ್ರೆಯಲ್ಲಿದ್ದ ತಮ್ಮನಿಗೆ ಫೋನ್ ಮಾಡಿದೆ. “ಡಾಕ್ಟರು ಹೊರಗೆ ಬಂದರು, ಇರು” ಎಂದ. ಅಷ್ಟಕ್ಕೇ ನನ್ನ ಮೊಬೈಲು ಆರಿಹೋಯಿತು. ಊರಿನಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ.

ಪಕ್ಕದಲ್ಲಿ ಹೂ ಮಾರುತ್ತಿದ್ದ ಹೆಂಗಸು ನನ್ನ ಮುಖ ನೋಡಿ ವಿಷಯ ಕೇಳಿದರು. ಹೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ತಮ್ಮ ಮೊಬೈಲಿನ ಮುಚ್ಚಳ ತೆಗೆದು, ಬಿಸ್ಕತ್ತಿನಷ್ಟು ತೆಳ್ಳಗಿನ ಲಿಥಿಯಂ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿದರು.

“ನಿಮ್ದೂ ನಮ್ದೂ ಒಂದೇ ತರದ ಸೆಟ್ಟು ಕಣಣ್ಣ. ಮೊನ್ನೆ ಚಾರ್ಜ್ ಮಾಡಿದ್ದು, ಇನ್ನೂ ಮೂರು ಕಡ್ಡಿ ಅವೆ. ಆಕ್ಕಳಿ.”

ಹಾಕಿಕೊಂಡು ಮತ್ತೆ ಫೋನ್ ಮಾಡಿದೆ. “ಅಮ್ಮ ಕಣ್ಣು ಬಿಟ್ಟಳು ಕಣೋ, ನಿನ್ನನ್ನೇ ಕೇಳ್ತಿದ್ದಾಳೆ” ಎಂದ ತಮ್ಮ. “ಬರ್ತಿದ್ದೀನಿ ಅಂತ ಹೇಳು” ಎಂದೆ.

ಬಸ್ಸು ಬಂತು. ಬ್ಯಾಟರಿ ಬಿಚ್ಚಲು ಹೋದರೆ ಅವರು ತಡೆದರು.

“ಅದ್ನ ನೀವೇ ಇಟ್ಕಳಿ. ನಿಮ್ ಖಾಲಿದು ನಂಗೆ ಕೊಡಿ.”

“ನಂದು ಹಳೇದಮ್ಮ, ಬೇಗ ಇಳಿದುಹೋಗುತ್ತೆ.”

“ಇಳೀಲಿ ಬುಡಿ. ನಾನು ಊರಲ್ಲೇ ಇರೋಳು. ದಾರೀಲಿರೋರು ನೀವು.”

ಈಗ ಬಸ್ಸು ಎಚ್.ಡಿ. ಕೋಟೆ ದಾಟಿದೆ. ತಮ್ಮ ಮತ್ತೆ ಫೋನ್ ಮಾಡಿದ್ದ. ಅಮ್ಮ ಎರಡು ಚಮಚ ನೀರು ಕುಡಿದಳಂತೆ.