ಎರವಲು ಕೋಡ್

ಇಂದು ಬೆಳಿಗ್ಗೆ ದಹಿಸರ್ ಸ್ಟೇಷನ್ನಿನ ಹೊರಗೆ ಮೊಬೈಲ್ ರಿಪೇರಿಯವನ ಬೆಸುಗೆಯ ಹೊಗೆ ಮೂಗಿಗೆ ತಾಗಿತು ನೋಡಿ, ಮೆಹಬೂಬನ ಅಂಗಡಿ ಕಣ್ಮುಂದೆ ಬಂತು. ವಿಜಯಪುರದ ಮೆಹಬೂಬ ಆಗ ಇಲ್ಲೇ ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಫೋರ್ಟ್ ಪ್ರದೇಶದ ನನ್ನ ಆಫೀಸಿಗೆ ರಜೆಯಿದ್ದ ದಿನಗಳಲ್ಲಿ ಇಬ್ಬರೂ ಕೂತು, ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದನ್ನು ಕಟ್ಟಿದೆವು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಅದರ ಕೋಡನ್ನೆಲ್ಲ ಅಂತರ್ಜಾಲದಲ್ಲಿ ಬಯಲಿಗಿಟ್ಟಿದ್ದೆವು. ‘ನಾವು ಕಟ್ಟಿದ್ದು’ ಎನ್ನುವಾಗ ನನ್ನ ಎದೆ ಎರಡು ಅಂಗುಲ ಉಬ್ಬುತ್ತಿತ್ತು. ನಿಜ ಹೇಳಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಕೋಡ್ ಬೇರೆಯವರದು. ಇನ್‌ಸ್ಟಾಲ್ ಮಾಡುವಾಗ ಅಂತರ್ಜಾಲದಿಂದ ತಾನಾಗಿ ಬಂದು ಸೇರುತ್ತಿತ್ತು.

ಅದನ್ನು ದಿನಾ ಬಳಸುತ್ತಿದ್ದವರು ಮೆಹಬೂಬನ ಅಕ್ಕ ಜೈನಬಕ್ಕ. ಕಣ್ಣು ಹೋದ ಮೇಲೆ ಬಿ.ಎ. ಮುಗಿಸಲು ಹಟ ತೊಟ್ಟವರು. ಪರೀಕ್ಷೆಗೆ ಹತ್ತು ದಿನವಿರುವಾಗ ಅವರ ಕಂಪ್ಯೂಟರ್ ಕೆಟ್ಟಿತು. ಹೊಸದಕ್ಕೆ ನಮ್ಮ ಸಾಫ್ಟ್‌ವೇರ್ ಹಾಕಲು ಹೋದರೆ ಆಗಲೇ ಇಲ್ಲ. ಒತ್ತಕ್ಷರಗಳನ್ನು ಬಿಡಿಸಿಕೊಡುತ್ತಿದ್ದ ಎರವಲು ಭಾಗವನ್ನು, ಬರೆದವನು ಯಾರೋ, ಅಂತರ್ಜಾಲದಿಂದ ಅಳಿಸಿಬಿಟ್ಟಿದ್ದ.

ಅವನನ್ನು ಬಾಯಿಗೆ ಬಂದಂತೆ ಬೈದೆ. ಪಕ್ಕದಲ್ಲಿದ್ದ ಜೈನಬಕ್ಕ ಕೇಳಿದರು, “ಅವನ ಹೆಸರೇನು, ತಮ್ಮಾ?”

“ಗೊತ್ತಿಲ್ಲಕ್ಕಾ.”

“ನಾಕ್ ವರ್ಷ ಅವನ ದುಡಿಮಿ ಉಂಡೀರಿ. ಹೆಸರೂ ಗೊತ್ತಿಲ್ಲಂದ್ರ ಹ್ಯಾಂಗ?”

ಮೆಹಬೂಬ ನಡುವೆ ಬಂದ. “ಬೈಯೂದು ಆಮ್ಯಾಲೆ. ಅಕ್ಕನ ಹಳೇ ಡಿಸ್ಕ್‌ನ್ಯಾಗ ಕಾಪಿ ಇರ್ತದ, ತಗೀತೀನಿ.”

ತೆಗೆದ. ಫೈಲಿನ ತಲೆಯ ಮೇಲೇ ಬರೆದವನ ಹೆಸರಿತ್ತು. ಬಳಸಿ, ಹಂಚಿ, ಹೆಸರು ಮಾತ್ರ ಅಳಿಸಬೇಡಿ ಎಂಬ ಪರವಾನಗಿಯೂ ಇತ್ತು. ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಅದನ್ನು ಹೆಸರು, ಪರವಾನಗಿ ಸಮೇತ ನಮ್ಮ ಕೋಡಿನ ಜೊತೆಗೇ ಇಟ್ಟೆವು. ಸಂಜೆ ಹೊತ್ತಿಗೆ ಯಂತ್ರ ಮಾತಾಡಿತು. ಜೈನಬಕ್ಕ ಕೈಸನ್ನೆಯಿಂದ ನಮ್ಮಿಬ್ಬರ ಬಾಯಿ ಮುಚ್ಚಿಸಿ ಪಾಠ ಕೇಳಿದರು.

ಅವರು ಪಾಸಾದರು. ನನ್ನ ಪರೀಕ್ಷೆ ಮುಗಿದಿರಲಿಲ್ಲ. ಉಳಿದ ಹದಿನಾಲ್ಕು ಎರವಲು ಭಾಗಗಳನ್ನೂ ನಮ್ಮ ಕೋಡಿನೊಳಗೆ ತರಲೇಬೇಕೆಂದು ಹಟ ಹಿಡಿದು ಕೂತೆ. ಯಾರದು, ಯಾವ ಆವೃತ್ತಿ, ನಾವು ಎಲ್ಲಿ ತಿದ್ದಿದೆವು, ಎಲ್ಲ ಪಕ್ಕದಲ್ಲೇ ಬರೆದಿಟ್ಟೆ. ಎರಡಕ್ಕೆ ಪರವಾನಗಿಯೇ ಇರಲಿಲ್ಲ. ಒಬ್ಬರು ಕೇಳಿದೊಡನೆ ಒಪ್ಪಿದರು. ಇನ್ನೊಬ್ಬರು ಉತ್ತರಿಸಲಿಲ್ಲ, ಅವರದನ್ನು ಬಿಟ್ಟು, ಮೂರು ತಿಂಗಳು ತಿಣುಕಿ ನಾವೇ ಬರೆದೆವು. ಅಳಿಸಿದವನಿಗೂ, ಜೈನಬಕ್ಕನ ಓದಿನ ವಿಷಯ ತಿಳಿಸಿ, ಕ್ಷಮೆ ಕೇಳಿ ಪತ್ರ ಹಾಕಿದೆ. ಅವನ ಉತ್ತರ ಬಂತು: “ಇಷ್ಟು ವರ್ಷ ನನಗೆ ಬಂದದ್ದೆಲ್ಲ ಬರೀ ದೂರು, ಬೇಸತ್ತು ಅಳಿಸಿದೆ. ಅದರಿಂದ ಒಬ್ಬರು ಓದುತ್ತಿದ್ದಾರೆಂದು ಯಾರೂ ಹೇಳಿರಲಿಲ್ಲ.”

ಮೆಹಬೂಬ ಅಂಗಡಿಯನ್ನು ಭಾಂಡುಪ್‌ಗೆ ಒಯ್ದು ಬಹಳ ದಿನವಾಯಿತು. ಇಂದು ಗೆಳೆಯನೊಬ್ಬ ಬೇರೆ ಯಾರೋ ಬರೆದ ಹೊಸ ಭಾಗವೊಂದನ್ನು ಕಳಿಸಿ, ಸಂಜೆಯೊಳಗೆ ನಮ್ಮ ಸಾಫ್ಟ್‌ವೇರಿಗೆ ಸೇರಿಸೋಣ ಎಂದಿದ್ದಾನೆ. ಆಗದು ಎಂದೆ. ಅದನ್ನು ಬರೆದಾಕೆಗೆ ಮೊದಲು ಒಂದು ಪತ್ರ ಹೋಗಬೇಕು.