ತಂಗಿ ಅಪ್ಪನನ್ನು ಕೇಳಿದಳು

"ಅಕ್ಕಾ, ಅಪ್ಪಂಗೆ ಫೋನ್ ಕೊಡು. ಮ್ಯಾಚ್ ಗೆದ್ದೋ ಅಂತ ಯೋಳ್ಬೇಕು" ಎಂದಳು ತಂಗಿ ಫೋನಿನಲ್ಲಿ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅಪ್ಪ ಹೋದ ವರ್ಷವೇ ತೀರಿಕೊಂಡಿದ್ದರು. ಮಣ್ಣು ಮಾಡುವಾಗ ಅವಳೂ ನನ್ನ ಪಕ್ಕದಲ್ಲೇ ನಿಂತಿದ್ದಳು.

ತಂಗಿ ಥಾಯ್ಲೆಂಡಿನ ಕ್ಲಬ್ಬೊಂದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್ ಆಗಿ ಆಡುತ್ತಾಳೆ. ನಾನು ಏನಾಯಿತೆಂದು ಕೇಳುವ ಮೊದಲೇ ಅವಳ ಜೊತೆಯ ಆಟಗಾರ್ತಿ ಫೋನ್ ತೆಗೆದುಕೊಂಡಳು. ಚೆಂಡಿಗೆ ಹಾರಿದವಳ ತಲೆ ನೆಲಕ್ಕೆ ಬಡಿದಿದೆ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ ಎಂದಳು. ಅಮ್ಮನಿಗೆ ಹೇಳುವ ಧೈರ್ಯವಾಗದೆ ಅಲ್ಲೇ ಬೆಂಚಿನ ಮೇಲೆ ಕೂತೆ. ಸಂಜೆ ತಂಗಿಯೇ ಫೋನ್ ಮಾಡಿದಳು. ಎಲ್ಲವೂ ನೆನಪಾಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಈಗ ಮತ್ತೆ ಆಡುತ್ತಿದ್ದಾಳೆ. ಪಂದ್ಯ ಮುಗಿಸಿ ಫೋನ್ ಮಾಡಿದರೆ ಗೆದ್ದಳೋ ಸೋತಳೋ ನಾನು ಕೇಳುವುದಿಲ್ಲ. "ಇವತ್ಯಾವ ವಾರ ಯೋಳವ್ವ" ಅನ್ನುತ್ತೇನೆ. ಅವಳು ನಗುತ್ತಾಳೆ, ಉತ್ತರ ಬರುವವರೆಗೂ ನನಗೆ ಉಸಿರಾಡಲು ಆಗುವುದಿಲ್ಲ.